ಏಂಜಲ್ ಮೀನು ಗಟ್ಟಿನಾ, ಸೂಕ್ಷ್ಮನಾ?

ಪ್ರಶ್ನೆ: ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಹೊಸ ಟ್ಯಾಂಕ್ ತಂದೆ. ನೀರು ತುಂಬಿಸಿ, ಎರಡು ದಿನ ಫಿಲ್ಟರ್ ಓಡಿಸಿ, ನಾಲ್ಕು ಸಣ್ಣ ಏಂಜಲ್ ಮತ್ತು ಆರು ಗಪ್ಪಿ ಬಿಟ್ಟೆ. ಅಂಗಡಿಯವರು ಏಂಜಲ್ ಗಟ್ಟಿ ಮೀನು, ಏನೂ ಆಗಲ್ಲ ಅಂದಿದ್ದರು. ಆರನೇ ದಿನ ನೀರು ಬೆಳ್ಳಗೆ ಮಬ್ಬಾಯಿತು. ಎಲ್ಲ ನೀರು ತೆಗೆದು, ಕಲ್ಲು, ಫಿಲ್ಟರ್ ಎಲ್ಲವನ್ನೂ ನಲ್ಲಿ ಕೆಳಗೆ ತೊಳೆದು ಹೊಸ ನೀರು ಹಾಕಿದೆ. ಆಮೇಲೆ ಎರಡೇ ದಿನದಲ್ಲಿ ಎರಡು ಏಂಜಲ್ ಸತ್ತವು. ಗಪ್ಪಿಗಳು ಆರಾಮಾಗಿವೆ. ಪಿಎಚ್ 7.8 ತೋರಿಸುತ್ತಿದೆ. ಏಂಜಲ್ ನಿಜವಾಗಿ ಗಟ್ಟಿ ಮೀನಾ? ಪಿಎಚ್ 6.5ಕ್ಕೆ ಇಳಿಸಬೇಕಾ? ಉಳಿದ ಎರಡನ್ನು ಹೇಗೆ ಉಳಿಸಿಕೊಳ್ಳಲಿ?

ಉತ್ತರ: ಗಟ್ಟಿ ಮೀನೇ. ಆದರೆ ಹೊಸ ಟ್ಯಾಂಕಿಗೆ ಬಿಡುವ ಮೀನಲ್ಲ. ಎರಡೂ ಮಾತು ನಿಜ. ನಿಮಗೆ ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಟ್ಟಿದ್ದಾರೆ, ಅಷ್ಟೇ.

ಮೊದಲು ಉಳಿದ ಎರಡು ಮೀನಿನ ವಿಚಾರ, ಯಾಕೆಂದರೆ ಅದು ತುರ್ತು. ಮೀನಿನ ಕೊಳೆಯಿಂದ ನೀರಲ್ಲಿ ಸೇರುವ ಎರಡು ವಿಷ, ಅಮೋನಿಯಾ ಮತ್ತು ನೈಟ್ರೈಟ್, ಇವನ್ನು ಪರೀಕ್ಷೆ ಮಾಡುವ ಕಿಟ್ ಇವತ್ತೇ ತನ್ನಿ. ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ಹೇಳುವ ಪಿಎಚ್ ಒಂದನ್ನೇ ನೋಡಿದರೆ ಸಾಲದು. ಎರಡೂ ಸೊನ್ನೆ ಇರಬೇಕು. ನಿಮ್ಮ ಟ್ಯಾಂಕಿನಲ್ಲಿ ಈಗ ಖಂಡಿತ ಸೊನ್ನೆ ಇರುವುದಿಲ್ಲ. ದಿನಾ ನೂರಕ್ಕೆ 25ರಿಂದ 30 ಭಾಗ ನೀರು ಬದಲಿಸಿ, ಅದಕ್ಕಿಂತ ಜಾಸ್ತಿ ಬೇಡ. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ಟ್ಯಾಂಕಿನ ನೀರಿನಷ್ಟೇ ಬೆಚ್ಚಗಿದೆಯಾ ಅಂತ ಥರ್ಮಾಮೀಟರ್ ಇಟ್ಟು ನೋಡಿ, ಆಮೇಲೆ ನಿಧಾನವಾಗಿ ಸುರಿಯಿರಿ. ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿ ಹೋಗುತ್ತದೆ ಅನ್ನುವುದು ಸರಿ, ಆದರೆ ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ್ದು) ಹಾಕಿದ ನೀರಾದರೆ ಹಾಗೆ ಹೋಗುವುದಿಲ್ಲ, ಹಾಗಾಗಿ ದ್ರಾವಣ ಹಾಕುವುದೇ ವಾಸಿ. ಊಟ ದಿನಕ್ಕೆ ಒಂದೇ ಸಲ, ಅದೂ ಒಂದು ಚಿಟಿಕೆ. ಒಂದು ದಿನ ಪೂರ್ತಿ ಕೊಡದಿದ್ದರೂ ಏನೂ ಆಗಲ್ಲ. ಫಿಲ್ಟರಿನ ಸ್ಪಂಜನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ.

ನೈಟ್ರೈಟ್ ಕಾಣಿಸಿದರೆ ಲೀಟರಿಗೆ ಒಂದು ಗ್ರಾಂನಷ್ಟು ಬರೀ ಉಪ್ಪು ಕರಗಿಸಿ ಹಾಕಬಹುದು, ಏನೂ ಬೆರೆಸದ ಉಪ್ಪು. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಇಳಿದು, ರಕ್ತ ಆಮ್ಲಜನಕ ಹೊರುವುದನ್ನೇ ತಡೆಯುತ್ತದೆ, ರಕ್ತದ ಬಣ್ಣ ಕಂದಾಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಅದೇ ದಾರಿಯಲ್ಲಿ ಒಳಗೆ ಹೋಗುವುದರಿಂದ ನೈಟ್ರೈಟ್‌ಗೆ ಜಾಗ ಸಿಗುವುದಿಲ್ಲ. ಗಿಡ ಇದ್ದರೆ ಅವುಗಳಿಗೆ ಸ್ವಲ್ಪ ಕಷ್ಟ, ಈಗ ಮೀನು ಮುಖ್ಯ ಅಲ್ವಾ. ನಿಮಗೆ ಗೊತ್ತಿರುವ ಯಾರದ್ದಾದರೂ ಹಳೇ ಟ್ಯಾಂಕ್ ಚೆನ್ನಾಗಿ ನಡೆಯುತ್ತಿದ್ದರೆ, ರೋಗ ಇಲ್ಲ ಅಂತ ಖಾತ್ರಿ ಇದ್ದರೆ, ಅವರ ಫಿಲ್ಟರಿನ ಬಳಸಿದ ಸ್ಪಂಜಿನ ಒಂದು ತುಂಡು ಕೇಳಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಒಣಗಲು ಬಿಡಬೇಡಿ, ಅದೇ ಟ್ಯಾಂಕಿನ ನೀರಲ್ಲಿ ಮುಳುಗಿಸಿಕೊಂಡೇ ತನ್ನಿ. ಎಷ್ಟು ಬಾಟಲಿ ಔಷಧಿ ಸುರಿದರೂ ಆ ಕೊಳಕು ಸ್ಪಂಜಿನ ತುಂಡು ಮಾಡುವ ಕೆಲಸ ಆಗುವುದಿಲ್ಲ.

ಯಾಕೆ ಅಂದರೆ, ಮೀನು ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಹಿಕ್ಕೆ, ತಿನ್ನದೆ ಉಳಿದ ಊಟ ಕೊಳೆತರೂ ಅದೇ. ಒಂದು ಜಾತಿಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಕೊನೆಯದು ಅಷ್ಟೇನೂ ವಿಷವಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾ ನೀರಲ್ಲಿ ತೇಲುವುದು ಕಡಿಮೆ, ಸ್ಪಂಜು, ಕಲ್ಲು, ಗಾಜಿಗೆ ಅಂಟಿಕೊಂಡು ಬೆಳೆಯುತ್ತವೆ, ಮತ್ತು ಬೆಳೆಯುವುದು ಬಲು ನಿಧಾನ. ಹೊಸ ಟ್ಯಾಂಕಿನಲ್ಲಿ ಪೂರ್ತಿ ತಯಾರಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀವು ಕೊಟ್ಟಿದ್ದು ಎರಡು ದಿನ. ಅಷ್ಟರಲ್ಲಿ ಫಿಲ್ಟರ್ ಸುಮ್ನೆ ನೀರು ತಿರುಗಿಸಿರುತ್ತದೆ, ಬೇರೇನೂ ಮಾಡಿರುವುದಿಲ್ಲ.

ಆರನೇ ದಿನ ನೀರು ಬೆಳ್ಳಗಾಯಿತಲ್ಲ, ಅದು ಬೇರೆ ಜಾತಿಯ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿದ್ದು. ಹೊಸ ಟ್ಯಾಂಕಿನಲ್ಲಿ ಮಾಮೂಲಿ, ಬಿಟ್ಟರೆ ಕೆಲವು ದಿನದಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಅದನ್ನು ಕಂಡು ಎಲ್ಲ ತೊಳೆದುಬಿಟ್ಟಿರಿ. ಆಗ ಮೂರು ಪೆಟ್ಟು ಒಟ್ಟಿಗೆ ಬಿತ್ತು. ಅಮೋನಿಯಾದಿಂದ ಕಿವಿರು ಆಗಲೇ ಸುಟ್ಟಿತ್ತು. ಅದರ ಮೇಲೆ ಬೇರೆ ಬಿಸಿಯ, ಬೇರೆ ಪಿಎಚ್‌ನ ನೀರು ಪೂರ್ತಿಯಾಗಿ ಬಂತು. ಕ್ಲೋರಿನ್ ತೆಗೆದ ವಿಷಯ ನೀವು ಬರೆದಿಲ್ಲ, ತೆಗೆಯದಿದ್ದರೆ ಅದೂ ಸೇರಿತು. ಚಿಗುರುತ್ತಿದ್ದ ಒಂದಿಷ್ಟು ಒಳ್ಳೆಯ ಬ್ಯಾಕ್ಟೀರಿಯಾ ನಲ್ಲಿ ನೀರಿನ ಕೆಳಗೆ ಹೋದವು, ಹಾಗಾಗಿ ಅಮೋನಿಯಾ ಮತ್ತೆ ಮೊದಲಿನಿಂದ ಏರತೊಡಗಿತು. ಇಷ್ಟಾದರೂ ಎರಡು ಏಂಜಲ್ ಉಳಿದಿವೆ. ಗಟ್ಟಿನಾ ಅಂತ ಕೇಳಿದಿರಲ್ಲ, ಇದೇ ಉತ್ತರ.

ಗಪ್ಪಿಗಳು ಆರಾಮಾಗಿವೆ, ಹಾಗಾದರೆ ನೀರು ಸರಿ ಇದೆ ಅಂದುಕೊಳ್ಳಬೇಡಿ. ಗಪ್ಪಿಗೆ ಗಡುಸು ನೀರು, 7.8ರಂಥ ಪಿಎಚ್ ಹೇಳಿ ಮಾಡಿಸಿದ್ದು. ಅದರ ಬಾಯಿ ಮೇಲ್ಮುಖವಾಗಿದೆ, ಉಸಿರು ಕಟ್ಟಿದರೆ ನೀರಿನ ಮೇಲ್ಪದರಕ್ಕೆ ಬಂದು, ಗಾಳಿಗೆ ತಾಗಿದ ತೆಳು ನೀರಿನಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ. ಏಂಜಲ್‌ಗೆ ಆ ಅನುಕೂಲ ಇಲ್ಲ. ಅದು ನಡುನೀರಿನ ಮೀನು, ಅಗಲ ಮೈ, ಹೆಚ್ಚು ಉಣ್ಣುತ್ತದೆ, ಹೆಚ್ಚು ಕೊಳೆ ಮಾಡುತ್ತದೆ.

ಈಗ ಏಂಜಲ್ ಯಾವುದಕ್ಕೆ ಗಟ್ಟಿ, ಯಾವುದಕ್ಕೆ ಅಲ್ಲ ಅಂತ ಬಿಡಿಸಿ ಹೇಳುತ್ತೇನೆ. ನಾವು ಮನೆಯಲ್ಲಿ ಸಾಕುವ ಏಂಜಲ್ ಹೆಚ್ಚಾಗಿ ಟೆರೋಫಿಲಮ್ ಸ್ಕೇಲಾರೆ ಅನ್ನುವ ಜಾತಿಯಿಂದ ಬಂದದ್ದು, ಅಮೆಜಾನ್ ನದಿ ಬಯಲಿನ, ಸಿಕ್ಲಿಡ್ ಕುಟುಂಬದ ಮೀನು. 1823ರಲ್ಲಿ ವಿಜ್ಞಾನಿಗಳು ಮೊದಲು ದಾಖಲಿಸಿದ್ದು. ಅಲ್ಲಿ ಅದು ಇರುವುದು ಮೆಲ್ಲಗೆ ಹರಿಯುವ, ಬೆಚ್ಚಗಿನ, ಮೆದು ನೀರಲ್ಲಿ, ಬೇರು ಮತ್ತು ಮುರಿದು ಬಿದ್ದ ಕೊಂಬೆಗಳ ನಡುವೆ. ಆದರೆ ನಿಮಗೆ ಸಿಕ್ಕಿದ್ದು ನದಿಯ ಮೀನಲ್ಲ. ಎಷ್ಟೋ ತಲೆಮಾರುಗಳಿಂದ ತೊಟ್ಟಿಯಲ್ಲಿ, ಟ್ಯಾಂಕಿನಲ್ಲಿ ಮರಿ ಮಾಡಿಸಿದ ಮೀನು. ಇಂಥ ಮೀನು 6.5ರಿಂದ 7.8ರವರೆಗಿನ ಪಿಎಚ್‌ನಲ್ಲಿ, ಸಾಕಷ್ಟು ಗಡುಸು ನೀರಲ್ಲೂ ಚೆನ್ನಾಗಿ ಬದುಕುತ್ತದೆ, ಬೆಳೆಯುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆದರೆ ಆ ನೀರು ಇವತ್ತು ಹೇಗಿದೆಯೋ ನಾಳೆಯೂ ಹಾಗೇ ಇರಬೇಕು. ನಿಧಾನವಾಗಿ ಆಗುವ ಬದಲಾವಣೆಗೆ ಏಂಜಲ್ ಹೊಂದಿಕೊಳ್ಳುತ್ತದೆ, ದಿಢೀರ್ ಬದಲಾವಣೆಗೆ ಹೊಂದಿಕೊಳ್ಳುವುದಿಲ್ಲ.

ಹಾಗಾಗಿ ಪಿಎಚ್ ಇಳಿಸಬೇಡಿ. ಗಡುಸು ನೀರಿಗೆ ಪಿಎಚ್ ಇಳಿಸುವ ಪುಡಿ ಹಾಕಿದರೆ ಒಂದು ದಿನ ಇಳಿಯುತ್ತದೆ, ಮಾರನೇ ದಿನ ನೀರಲ್ಲಿರುವ ಕಾರ್ಬೊನೇಟ್ ಅದನ್ನು ಮತ್ತೆ ಮೇಲೆಳೆಯುತ್ತದೆ. ನೀವು ಮತ್ತೆ ಹಾಕುತ್ತೀರಿ. ಈ ಹತ್ತಿ ಇಳಿಯುವ ಆಟ 7.8ಕ್ಕಿಂತ ಎಷ್ಟೋ ಕೆಟ್ಟದ್ದು. ಹಾಗಂತ ನಿಮ್ಮ 7.8ಕ್ಕೆ ಒಂದು ತೊಂದರೆ ಇದೆ, ಅದನ್ನು ಮರೆಯಬಾರದು. ಅಮೋನಿಯಾ ಎಷ್ಟು ವಿಷ ಅನ್ನುವುದು ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಭಾಗವೂ ವಿಷದ ರೂಪದಲ್ಲಿ ಇರುವುದಿಲ್ಲ, ಉಳಿದದ್ದು ಅಮೋನಿಯಂ ಆಗಿ ಹೆಚ್ಚು ಹಾನಿ ಮಾಡದೆ ಇರುತ್ತದೆ. ಪಿಎಚ್ 8 ಆದರೆ ನೂರಕ್ಕೆ ಐದಾರು ಭಾಗ ವಿಷ. ಅಂದರೆ ಸುಮಾರು ಹತ್ತು ಪಟ್ಟು. ಕಿಟ್ ಒಂದೇ ಬಣ್ಣ ತೋರಿಸಿದರೂ ನಿಮ್ಮ ಟ್ಯಾಂಕಿನ ಮೀನಿಗೆ ಬೀಳುವ ಪೆಟ್ಟು ಜಾಸ್ತಿ. ಇದಕ್ಕೆ ಮದ್ದು ಅಮೋನಿಯಾವನ್ನೇ ಸೊನ್ನೆಯಲ್ಲಿ ಇಡುವುದು.

ಇದೇ ಲೆಕ್ಕದಿಂದ ಇನ್ನೊಂದು ವಿಷಯ ಬರುತ್ತದೆ, ಮೀನು ತಂದು ಟ್ಯಾಂಕಿಗೆ ಬಿಡುವಾಗಿನದ್ದು. ದೂರದಿಂದ ಕವರಿನಲ್ಲಿ ಬಹಳ ಹೊತ್ತು ಕಟ್ಟಿಕೊಂಡು ಬಂದ ಮೀನಿನ ನೀರಲ್ಲಿ ಅಮೋನಿಯಾ ಸೇರಿರುತ್ತದೆ, ಆದರೆ ಉಸಿರಿನ ಕಾರ್ಬನ್ ಡೈಆಕ್ಸೈಡ್ ಕೂಡ ಅಲ್ಲೇ ಸಿಕ್ಕಿಹಾಕಿಕೊಂಡು ಪಿಎಚ್ ಇಳಿದಿರುತ್ತದೆ. ಹಾಗಾಗಿ ಆ ಅಮೋನಿಯಾ ಅಷ್ಟು ಕಾಡುವುದಿಲ್ಲ. ನೀವು ಕವರ್ ಬಿಚ್ಚಿದ ಕೂಡಲೇ ಆ ಗಾಳಿ ಹಾರಿ ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗುತ್ತದೆ. ಬಾಯಿ ಬಿಚ್ಚಿದ ಕವರಿನಲ್ಲೇ ಮೀನನ್ನು ಎರಡು ಗಂಟೆ ಇಟ್ಟು ಹನಿಹನಿಯಾಗಿ ನೀರು ಬೆರೆಸುವವರು ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡೇ ಮೀನಿಗೆ ತೊಂದರೆ ಕೊಡುತ್ತಾರೆ. ಕವರ್ ಮುಚ್ಚಿದ್ದಾಗಲೇ ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಬಿಟ್ಟು ಬಿಸಿ ಸಮ ಮಾಡಿ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಮಾತ್ರ ಎತ್ತಿ ಬಿಡಿ. ಕವರಿನ ನೀರು ಚೆಲ್ಲಿ. ಹತ್ತಿರದಿಂದ ಅರ್ಧ ಗಂಟೆಯಲ್ಲಿ ತಂದ ಮೀನಾದರೆ ನಿಧಾನಕ್ಕೆ ನೀರು ಬೆರೆಸಿ ಬಿಡಬಹುದು, ಅಲ್ಲಿ ಈ ಭಯ ಇಲ್ಲ.

ಬಿಸಿಯ ವಿಷಯದಲ್ಲಿ ಏಂಜಲ್ ನಿಜಕ್ಕೂ ಗಟ್ಟಿ, ಆದರೆ ಒಂದೇ ಕಡೆಗೆ. 25ರಿಂದ 28 ಡಿಗ್ರಿ ಅದಕ್ಕೆ ಹಿತ. 30 ಡಿಗ್ರಿಯನ್ನೂ ಕೆಲವು ವಾರ ಆರಾಮಾಗಿ ತಡೆಯುತ್ತದೆ. ಒಂದು ಸಣ್ಣ ಪರಾವಲಂಬಿಯಿಂದ ಬಿಳಿ ಚುಕ್ಕೆ ರೋಗ ಬಂದಾಗ ಇದೇ ಗುಣ ಉಪಯೋಗಕ್ಕೆ ಬರುತ್ತದೆ. ಹೀಟರ್ ಅನ್ನು ನಿಧಾನವಾಗಿ 30ಕ್ಕೆ ಏರಿಸಿದರೆ ಆ ಪರಾವಲಂಬಿಯ ಜೀವನಚಕ್ರ ಬೇಗ ಮುಗಿಯುತ್ತದೆ, ಔಷಧಿಗೆ ಬೇಗ ಸಿಗುತ್ತದೆ. ಮೈಗೆ ಅಂಟಿದ ಚುಕ್ಕೆಗೆ ಔಷಧಿ ತಾಗುವುದಿಲ್ಲ, ಮೈ ಬಿಟ್ಟು ನೀರಲ್ಲಿ ಈಜುವ ಮರಿಗಳಿಗೆ ಮಾತ್ರ ತಾಗುತ್ತದೆ, ಅದಕ್ಕೇ ಚುಕ್ಕೆ ಮಾಯವಾದ ಮೇಲೂ ಕೆಲವು ದಿನ ಔಷಧಿ ಮುಂದುವರಿಸಬೇಕು. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30ರಲ್ಲಿ ಏಳೂವರೆ ಮಿಲಿಗ್ರಾಂ ಹಿಡಿಯುತ್ತದೆ, ಹಾಗಾಗಿ ಏರ್ ಪಂಪ್ ಜೋರಾಗಿರಲಿ. ಚಳಿ ಮಾತ್ರ ಏಂಜಲ್‌ಗೆ ಆಗುವುದಿಲ್ಲ. 22ಕ್ಕಿಂತ ಕೆಳಗೆ ಮಂಕಾಗುತ್ತದೆ, ಊಟ ಬಿಡುತ್ತದೆ. ರೋಗ ಬರುವುದು ಆಗಲೇ. ಹಗಲು 28, ರಾತ್ರಿ 22 ಆಗುವ ಟ್ಯಾಂಕು ಸದಾ 24 ಇರುವ ಟ್ಯಾಂಕಿಗಿಂತ ಕೆಟ್ಟದ್ದು.

ನಿಮ್ಮ ಟ್ಯಾಂಕಿನ ಅಳತೆ ಬಗ್ಗೆ ಹೇಳಲೇಬೇಕು, ಬೇಜಾರಾದರೂ ಸರಿ. ಎರಡಡಿ, ಒಂದಡಿ, ಒಂದಡಿ ಅಂದರೆ ಲೆಕ್ಕಕ್ಕೆ 57 ಲೀಟರ್, ಕಲ್ಲು ಹಾಕಿ ಮೇಲೆ ಜಾಗ ಬಿಟ್ಟ ಮೇಲೆ 45 ಲೀಟರ್ ಆಸುಪಾಸು. ಅದಕ್ಕಿಂತ ಮುಖ್ಯ ಎತ್ತರ. 30 ಸೆಂಟಿಮೀಟರಿನಲ್ಲಿ ಕಲ್ಲು ಐದು, ಮೇಲೆ ಮೂರು ಹೋದರೆ ಉಳಿದದ್ದು 22. ಬೆಳೆದ ಏಂಜಲ್‌ನ ಬೆನ್ನಿನ ರೆಕ್ಕೆಯ ತುದಿಯಿಂದ ಹೊಟ್ಟೆ ಕಡೆಯ ರೆಕ್ಕೆಯ ತುದಿಗೆ 20 ಸೆಂಟಿಮೀಟರ್ ದಾಟಬಹುದು. ಅದು ತಿರುಗಿದರೆ ಕಲ್ಲಿಗೆ ತಾಗುತ್ತದೆ, ಮೇಲೆ ಹೋದರೆ ರೆಕ್ಕೆ ನೀರಿನಾಚೆ. ಕಡಿಮೆ ಎತ್ತರದ ಟ್ಯಾಂಕಿನಲ್ಲಿ ಬೆಳೆದ ಏಂಜಲ್‌ನ ಗುರುತು ಹಿಡಿಯುವುದು ಸುಲಭ. ರೆಕ್ಕೆಯ ಕಡ್ಡಿಗಳು ತುದಿಯಲ್ಲಿ ಬಾಗಿರುತ್ತವೆ, ಮೈ ಚಿಕ್ಕದು, ಕಣ್ಣು ಮಾತ್ರ ಮೈಗೆ ಹೋಲಿಸಿದರೆ ದೊಡ್ಡದು. ಇಂಥ ಮೀನು ಕೂಡಲೇ ಸಾಯುವುದಿಲ್ಲ, ಒಂದೆರಡು ವರ್ಷ ಎಳೆಯುತ್ತದೆ. ಅದನ್ನು ನೋಡಿ ಏಂಜಲ್ ಆಯಸ್ಸೇ ಅಷ್ಟು ಅಂದುಕೊಂಡವರು ಬಹಳ. ಸರಿಯಾಗಿ ಸಾಕಿದರೆ ಹತ್ತು ವರ್ಷದವರೆಗೂ ಬದುಕುವ ಮೀನು ಇದು. ಎರಡು ಏಂಜಲ್‌ಗೆ ಕನಿಷ್ಠ ನೂರು ಲೀಟರ್, ಎತ್ತರ 45 ಸೆಂಟಿಮೀಟರ್ ಬೇಕು. ಈಗಿರುವ ಮರಿಗಳಿಗೆ ಕೆಲವು ತಿಂಗಳು ನಿಮ್ಮ ಟ್ಯಾಂಕ್ ಸಾಕು, ಅಷ್ಟರಲ್ಲಿ ದೊಡ್ಡದರ ಯೋಚನೆ ಮಾಡಿ. ನೀರು ಜಾಸ್ತಿ ಇದ್ದಷ್ಟೂ ತಪ್ಪು ನಿಧಾನವಾಗಿ ಬೆಳೆಯುತ್ತದೆ, ನಿಮಗೆ ಸರಿಮಾಡಲು ಸಮಯ ಸಿಗುತ್ತದೆ.

ಏಂಜಲ್‌ನ ಗಟ್ಟಿತನದಲ್ಲಿ ಒಂದು ಮೋಸ ಇದೆ. ಅದು ಕಾಯಿಲೆಯನ್ನು ತಡವಾಗಿ ತೋರಿಸುತ್ತದೆ. ಒಳಗೆ ಹಾಳಾಗುತ್ತಿದ್ದರೂ ನಿಮ್ಮನ್ನು ಕಂಡ ಕೂಡಲೇ ಗಾಜಿನ ಹತ್ತಿರ ಬಂದು ಊಟ ಕೇಳುತ್ತದೆ. ಆದ್ದರಿಂದ ಊಟ ತಿನ್ನುತ್ತಿದೆ ಅನ್ನುವುದನ್ನು ಮಾತ್ರ ನಂಬಬೇಡಿ. ಊಟ ಹಾಕುವ ಮೊದಲು ಎರಡು ನಿಮಿಷ ಸುಮ್ಮನೆ ಕೂತು ನೋಡಿ. ಕಿವಿರಿನ ಮುಚ್ಚಳ ಎರಡೂ ಕಡೆ ಒಂದೇ ತಾಳದಲ್ಲಿ ಆಡುತ್ತಿದೆಯಾ? ಒಂದು ಕಡೆ ಮುಚ್ಚಿಕೊಂಡು ಇನ್ನೊಂದು ಕಡೆ ಜೋರಾಗಿ ಆಡುತ್ತಿದ್ದರೆ ಕಿವಿರಿನ ಹುಳ ಇರಬಹುದು, ಅದಕ್ಕೆ ಪ್ರಾಜಿಕ್ವಾಂಟೆಲ್ ಅನ್ನುವ ಔಷಧಿ ಕೆಲಸ ಮಾಡುತ್ತದೆ. ಎದೆಯ ಕೆಳಗಿನ ಎರಡು ಉದ್ದ ಎಳೆಗಳು ನೇರವಾಗಿ ಇಳಿಬಿದ್ದಿವೆಯಾ? ಬೆನ್ನಿನ ರೆಕ್ಕೆ ಬಿಚ್ಚಿ ನಿಂತಿದೆಯಾ, ಮೈಗೆ ಅಂಟಿಕೊಂಡಿದೆಯಾ? ಹಿಕ್ಕೆಯನ್ನೂ ನೋಡಿ. ಬಿಳಿ ದಾರದ ಹಾಗೆ ಜೋತಾಡುತ್ತಿದ್ದು, ಮೀನು ಊಟ ಬಾಯಿಗೆ ಹಾಕಿಕೊಂಡು ಉಗುಳುತ್ತಿದ್ದರೆ ಕರುಳಿನ ಪರಾವಲಂಬಿ ಅಂತ ಅನುಮಾನಿಸಬಹುದು. ಏಂಜಲ್ ಮತ್ತು ಡಿಸ್ಕಸ್ ಮೀನುಗಳಲ್ಲಿ ಇದು ಜಾಸ್ತಿ. ಮೆಟ್ರೊನಿಡಜೋಲ್ ಬೆರೆಸಿದ ಊಟ ಇದಕ್ಕೆ ಔಷಧಿ, ಆದರೆ ತಿನ್ನುವುದನ್ನು ಪೂರ್ತಿ ಬಿಡುವ ಮೊದಲೇ ಕೊಡಬೇಕು, ಆಮೇಲೆ ನೀರಿಗೆ ಹಾಕಿದರೆ ಅಷ್ಟು ಫಲ ಇಲ್ಲ. ಮೈ ಪಟ್ಟೆಗಳು ತಿಳಿಯಾಗುವುದು, ಗಾಢವಾಗುವುದು ಮಾತ್ರ ಅದರ ಮೂಡಿನ ಮೇಲೆ. ರಾತ್ರಿ ನಿದ್ದೆಯಲ್ಲಿ ಪಟ್ಟೆ ಮಾಸುತ್ತದೆ, ಅದಕ್ಕೆ ಹೆದರಬೇಡಿ. ಕತ್ತಲಲ್ಲಿ ಟ್ಯಾಂಕಿನ ಲೈಟನ್ನು ಒಮ್ಮೆಲೇ ಹಾಕಿದರೆ ಏಂಜಲ್ ಗಾಬರಿಯಾಗಿ ಗಾಜಿಗೆ ಗುದ್ದಿಕೊಳ್ಳುತ್ತದೆ, ಕೆಲವು ತಳದಲ್ಲಿ ಒಂದು ಮಗ್ಗುಲಾಗಿ ಮಲಗಿಬಿಡುತ್ತವೆ. ಸತ್ತಿತು ಅಂತ ತೆಗೆಯಲು ಹೋಗಬೇಡಿ, ಸ್ವಲ್ಪ ಹೊತ್ತಿಗೆ ಏಳುತ್ತದೆ. ಮೊದಲು ಕೋಣೆಯ ಲೈಟ್ ಹಾಕಿ, ಹತ್ತು ನಿಮಿಷ ಬಿಟ್ಟು ಟ್ಯಾಂಕಿನದ್ದು ಹಾಕಿದರೆ ಈ ಗಲಾಟೆ ಇರುವುದಿಲ್ಲ.

ಬಣ್ಣದ ತಳಿಗಳಲ್ಲಿ ಎಲ್ಲವೂ ಒಂದೇ ಗಟ್ಟಿ ಅಲ್ಲ. ಬೆಳ್ಳಿ ಬಣ್ಣದ ಪಟ್ಟೆಯವು, ಮಾರ್ಬಲ್, ಇವು ಹೊಸಬರಿಗೆ ಒಳ್ಳೆಯವು. ಪೂರ್ತಿ ಕಪ್ಪು ತಳಿಯ ಮರಿಗಳು ನಿಧಾನಕ್ಕೆ ಬೆಳೆಯುತ್ತವೆ, ಎಳೆಯದರಲ್ಲಿ ಜಾಸ್ತಿ ಸಾಯುತ್ತವೆ. ಉದ್ದ ಜಾಲರಿ ರೆಕ್ಕೆಯವು ನೋಡಲು ಚಂದ, ಆದರೆ ಬೇರೆ ಮೀನು ಕಚ್ಚುವುದು ಆ ರೆಕ್ಕೆಯನ್ನೇ. ಆಲ್ಟಮ್ ಅಂತ ಇನ್ನೊಂದು ಜಾತಿ ಇದೆ, ಒರಿನೊಕೊ ಮತ್ತು ರಿಯೊ ನೆಗ್ರೊ ನದಿಯದ್ದು, ಇನ್ನೂ ಎತ್ತರದ ಮೀನು. ಅದು ನದಿಯಿಂದ ಹಿಡಿದು ತಂದದ್ದಾದರೆ ಗಟ್ಟಿ ಅನ್ನುವ ಮಾತೇ ಬೇಡ, ಮೆದುವಾದ ಆಮ್ಲೀಯ ನೀರು ಇಲ್ಲದಿದ್ದರೆ ನಿಲ್ಲುವುದಿಲ್ಲ. ಏಂಜಲ್ ಸೂಕ್ಷ್ಮ ಅಂತ ಎಲ್ಲಾದರೂ ಓದಿದರೆ ಹಲವು ಸಲ ಅದು ಇದರ ಬಗ್ಗೆ ಬರೆದದ್ದು, ಇಲ್ಲವೇ ಸಮುದ್ರದ ಏಂಜಲ್ ಬಗ್ಗೆ. ಸಮುದ್ರದ್ದು ಬೇರೆಯೇ ಕುಟುಂಬ, ಹೆಸರು ಬಿಟ್ಟರೆ ಸಂಬಂಧವೇ ಇಲ್ಲ.

ಸತ್ತ ಎರಡರ ಬದಲಿಗೆ ಈಗಲೇ ಹೊಸದು ತರಬೇಡಿ. ಬೇರೆ ಬೇರೆ ಕಡೆಯ ಏಂಜಲ್‌ಗಳನ್ನು ಒಟ್ಟಿಗೆ ಬೆರೆಸುವುದು ರೋಗಕ್ಕೆ ನೇರ ದಾರಿ. ಒಂದು ಗುಂಪಿಗೆ ಒಗ್ಗಿದ ರೋಗಾಣು ಇನ್ನೊಂದಕ್ಕೆ ಹೊಸದು. ಮುಂದೆ ತಂದರೂ ಬೇರೆ ಟ್ಯಾಂಕಿನಲ್ಲಿ, ಬೇರೆ ಬಲೆ, ಬೇರೆ ಪೈಪಿನೊಂದಿಗೆ ನಾಲ್ಕು ವಾರ ಇಟ್ಟು ನೋಡಿ. ಜೊತೆ ಮೀನಿನ ವಿಷಯ ಚುಟುಕಾಗಿ ಹೇಳುತ್ತೇನೆ. ಟೈಗರ್ ಬಾರ್ಬ್ ರೆಕ್ಕೆ ಕಚ್ಚುತ್ತದೆ, ಬೇಡ. ಸಣ್ಣ ನಿಯಾನ್ ಟೆಟ್ರಾ ಬೆಳೆದ ಏಂಜಲ್‌ನ ಬಾಯಿಗೆ ಹಿಡಿಯುತ್ತದೆ, ಬೇಡ. ಕೋರಿಡೊರಾಸ್ ಒಳ್ಳೆಯದು, ಆದರೆ ಉಪ್ಪು ಹಾಕಿದ ನೀರಿಗೆ ಈಗಲೇ ಬಿಡಬೇಡಿ. ನಿಮ್ಮ ಗಪ್ಪಿ ಮರಿಗಳನ್ನು ಏಂಜಲ್ ತಿಂದು ಮುಗಿಸುತ್ತದೆ, ಅದು ಖಚಿತ, ದೊಡ್ಡದಾದ ಮೇಲೆ ಗಪ್ಪಿಗಳನ್ನೂ ಬಿಡುವುದಿಲ್ಲ.

ಅಮೋನಿಯಾ, ನೈಟ್ರೈಟ್ ಎರಡೂ ಒಂದು ವಾರ ಪೂರ್ತಿ ಸೊನ್ನೆ ನಿಂತ ಮೇಲೆ ದಿನಾ ನೀರು ಬದಲಿಸುವುದು ನಿಲ್ಲಿಸಿ, ವಾರಕ್ಕೊಮ್ಮೆ 25 ಭಾಗಕ್ಕೆ ಬನ್ನಿ. ಉಪ್ಪು ಮತ್ತೆ ಹಾಕದಿದ್ದರೆ ನೀರು ಬದಲಾದಂತೆ ತಾನೇ ಕಡಿಮೆಯಾಗುತ್ತದೆ. ಊಟ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಸ್ಪಂಜಿನಲ್ಲಿ ನೀರಿನ ಹರಿವು ಕಡಿಮೆಯಾದಾಗ, ಬದಲಿಸಲು ಟ್ಯಾಂಕಿನಿಂದ ತೆಗೆದ ಬಕೆಟ್ ನೀರಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕಿ, ನಲ್ಲಿ ಕೆಳಗೆ ಬೇಡ. ಮತ್ತೆ ಒಂದು ಮಾತು, ಈ ಎರಡು ಮರಿಗಳು ಬೆಳೆದು ಜೋಡಿಯಾದರೆ ಸ್ಪಂಜಿನ ಪೈಪಿಗೋ ಅಗಲ ಎಲೆಗೋ ಮೊಟ್ಟೆ ಅಂಟಿಸಿ ಅರ್ಧ ಟ್ಯಾಂಕನ್ನು ಕಾವಲು ಕಾಯುತ್ತವೆ, ಆಗ ಹತ್ತಿರ ಬಂದ ಯಾವ ಮೀನನ್ನೂ, ನಿಮ್ಮ ಕೈಯನ್ನೂ ಬಿಡುವುದಿಲ್ಲ. ಜೋಡಿಯಾಗದೆ ಎರಡೂ ಗಂಡಾಗಿ ಬಾಯಿಗೆ ಬಾಯಿ ಹಿಡಿದು ಎಳೆದಾಡಲು ಶುರು ಮಾಡಿದರೆ ಮತ್ತೆ ಬರೆಯಿರಿ, ಆಗ ಬೇರೆ ಮಾಡುವುದು ಹೇಗೆ ಅಂತ ನೋಡೋಣ.